ಗುಂಡಿ ಡಬ್ಬಿಯಲ್ಲಿದ್ದ ಕಣ್ಣು

ಮೊನ್ನೆ ರವಿಕೆಯ ಕೊಕ್ಕೆ ಕಿತ್ತುಹೋಯಿತು. ಹೊಸದು ಹಾಕಿಕೊಳ್ಳೋಣವೆಂದು ಗುಂಡಿ ಡಬ್ಬಿ ತೆಗೆದೆ. ಇಂಥದೊಂದು ಡಬ್ಬಿ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ನಮ್ಮದು ತಗಡಿನದು. ಮುಚ್ಚಳದ ಮೇಲಿನ ನವಿಲಿಗೆ ಈಗ ಬಾಲ ಮಾತ್ರ ಉಳಿದಿದೆ. ಒಳಗೆ ದಾರದ ಉಂಡೆ, ಸೂಜಿ, ತೀರಿಹೋದ ನಮ್ಮ ಯಜಮಾನರ ಅಂಗಿಗಳ ಗುಂಡಿ, ಯಾವ ಬೀಗಕ್ಕೂ ಸೇರದ ಕೀಲಿಕೈ. ಮುಚ್ಚಳ ತೆಗೆಯುವ ಮುಂಚೆ ನನ್ನ ಕೈ ತಾನಾಗಿಯೇ ಸೆರಗು ಸರಿಮಾಡಿ, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳಿತು. ಡಬ್ಬಿಯೊಳಗಿಂದ ನೋಡುವವರು ಈಗ ಯಾರೂ ಇಲ್ಲ. ಆದರೂ ಅಭ್ಯಾಸ ಬಿಟ್ಟಿಲ್ಲ. ಕೆಲವು ಕಾಲ ಆ ಡಬ್ಬಿಯಲ್ಲಿ ಒಂದು ಕಣ್ಣಿತ್ತು.

ಹೆದರಬೇಡಿ, ಬೆಳ್ಳಿಯ ಕಣ್ಣು. ಹರಕೆ ಹೊತ್ತವರು ದೇವರಿಗೆ ಒಪ್ಪಿಸುತ್ತಾರಲ್ಲ, ಅಂಥದು. ಬಾದಾಮಿಯ ಆಕಾರದ ತೆಳ್ಳನೆ ತಗಡು, ನಡುವೆ ಕಪ್ಪು ಗುಡ್ಡೆ. ಅದು ನನ್ನ ಡಬ್ಬಿಗೆ ಹೇಗೆ ಬಂತೆಂದು ಹೇಳಬೇಕಾದರೆ ಪಾರ್ಕಿನ ಸುದ್ದಿ ಹೇಳಬೇಕು, ಪಾರ್ಕಿನ ಸುದ್ದಿ ಬಂದರೆ ಕಲ್ಲಿನ ಸುದ್ದಿಯನ್ನೂ ಹೇಳಬೇಕು. ನಾನು ದೇವದುರ್ಗ, ಮಾನ್ವಿ, ಕೊನೆಗೆ ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಆಪರೇಟರ್ ಆಗಿ ಆಯುಷ್ಯ ಕಳೆದವಳು. ಯಾರ ಮಾತನ್ನೋ ಯಾರ ಕಿವಿಗೋ ಜೋಡಿಸುವುದಷ್ಟೇ ನನಗೆ ಬರುವ ವಿದ್ಯೆ. ಮಾತು ನಡುವೆ ಎಲ್ಲಿಗಾದರೂ ಹೋದರೆ ಫೋನು ಇಡದೆ ಸ್ವಲ್ಪ ತಾಳಿಕೊಳ್ಳಿ.

ನಮ್ಮ ಮನೆಯ ಎದುರಿಗೇ, ಕೋಟೆಯ ಹಳೆಯ ಗೋಡೆಯ ಬುಡದಲ್ಲಿ, ಪಾರ್ಕು. ಕಾರಂಜಿ, ಹುಲ್ಲುಹಾಸು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಬೇವಿನ ಮರಗಳು, ಸರಪಳಿ ಹರಿದ ಜೋಕಾಲಿ, ಕೆಲವು ಸಿಮೆಂಟಿನ ಬೆಂಚು, ಅಷ್ಟೆ. ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಅಲ್ಲಿ ಕಸ ಗುಡಿಸುತ್ತೇವೆ, ಗಿಡಕ್ಕೆ ನೀರು ಹಾಕುತ್ತೇವೆ, ಕೋಟೆಯ ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಗಳನ್ನು ಬೇರು ಇಳಿಯುವ ಮುಂಚೆ ಕಿತ್ತು ಹಾಕುತ್ತೇವೆ. ಮಾಡಿ ಎಂದು ನಮಗೆ ಯಾರೂ ಹೇಳಿಲ್ಲ. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುವವರೂ ಇಲ್ಲ.

ನಮ್ಮ ಮುಂದಾಳು ಮಹಾಂತಪ್ಪನವರು. ಅಕ್ಕಿ ಗಿರಣಿಯನ್ನು ಮಗನಿಗೆ ಒಪ್ಪಿಸಿ ಬಂದವರು, ಆದರೆ ಗಿರಣಿಯ ಗಂಟಲನ್ನು ಜೊತೆಗೇ ತಂದಿದ್ದಾರೆ. ಪಾರ್ಕಿನಲ್ಲಿ ಅವರು ಮೆಲ್ಲಗೆ ಮಾತಾಡಿದರೂ ಬೇವಿನ ಮರದ ಗಿಳಿಗಳು ಹಾರಿಹೋಗುತ್ತವೆ. ಇನ್ನೊಬ್ಬರು ಖಾಜಾ ಭಾಯಿ. ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ. ಪಾರ್ಕಿನ ಗುಲಾಬಿಗಳೆಲ್ಲ ಅವರವೇ. ನಮ್ಮೊಡನೆ ಕನ್ನಡ ಮಾತಾಡುತ್ತಾರೆ, ಗುಲಾಬಿಗಳೊಡನೆ ದಖನಿ. ನನ್ನ ಪಾಲಿಗೆ ಬಂದದ್ದು ಕಸಬರಿಗೆ. ಇಷ್ಟು ವರ್ಷ ಕೂತು ಕೆಲಸ ಮಾಡಿದವಳಿಗೆ ಬಗ್ಗಿ ಮಾಡುವ ಕೆಲಸ ಒಳ್ಳೆಯದೆಂದು ಮಹಾಂತಪ್ಪನವರು ತೀರ್ಪು ಕೊಟ್ಟರು.

ಈಗ ಕಲ್ಲು. ಪಾರ್ಕಿನ ಚರಂಡಿಗೆ ಅಡ್ಡಲಾಗಿ ಒಂದು ಹಾಸುಗಲ್ಲಿತ್ತು. ಎಲ್ಲರೂ ಅದನ್ನು ತುಳಿದೇ ಒಳಗೆ ಬರುತ್ತಿದ್ದೆವು. ಒಂದು ಮಳೆಗಾಲದಲ್ಲಿ ಅದು ಓರೆಯಾಗಿ ಕುಸಿದಾಗ ಮಹಾಂತಪ್ಪನವರು ಗಿರಣಿಯ ಹಮಾಲರನ್ನು ಕರೆಸಿ ಎತ್ತಿಸಿದರು. ಮಗುಚಿ ನೋಡಿದರೆ ವೀರಗಲ್ಲು. ಎದೆಯೆತ್ತರದ ಕಲ್ಲಿನ ತುಂಬ ಒಬ್ಬನೇ ಆಳು. ಕೈಯಲ್ಲಿ ಕತ್ತಿ, ಸೊಂಟದಲ್ಲಿ ದಟ್ಟಿ, ಕಿವಿಯಲ್ಲಿ ಓಲೆ, ಎಲ್ಲ ನಿಚ್ಚಳ. ಮುಖ ಮಾತ್ರ ಇರಲಿಲ್ಲ. ಬೋರಲು ಬಿದ್ದವನ ಮುಖವನ್ನು ಎಷ್ಟು ಕಾಲದ ಚರಂಡಿ ನೀರು ಸವರಿಕೊಂಡು ಹೋಗಿತ್ತೋ, ಹಣೆಯಿಂದ ಗದ್ದದವರೆಗೆ ನುಣ್ಣಗೆ ಸವೆದಿತ್ತು. ಅವನನ್ನು ತೊಳೆದು, ಕೋಟೆಯ ಗೋಡೆಗೆ ಬೆನ್ನು ಮಾಡಿ, ಬೆಂಚಿನ ಎದುರಿಗೆ ನಿಲ್ಲಿಸಿದೆವು.

ಮರುವಾರವೇ ಯಾರೋ ಕುಂಕುಮ ಹಚ್ಚಿಹೋದರು. ಮಹಾಂತಪ್ಪನವರು ಅದನ್ನು ತೊಳೆಸಿ, ಎಲ್ಲರಿಗೂ ಕೇಳುವಂತೆ ಕಾಯಿದೆ ಹೊರಡಿಸಿದರು.

‘ಇವ ದೇವರಲ್ಲ. ನಮ್ಮಂಗ ಒಬ್ಬ ಮನಿಷಾ. ಊರಿನ ದನ ಉಳಸಾಕ ಹೋಗಿ ಸತ್ತಾನ. ನೀರು ಹಾಕ್ರಿ, ನಾರಿಲೆ ತಿಕ್ಕ್ರಿ, ಸಾಕು. ಎಣ್ಣಿ, ಕುಂಕುಮ, ಕಾಯಿ ಒಂದೂ ಬ್ಯಾಡ.’

ಎಣ್ಣೆ ಹಿಡಿದರೆ ಕಲ್ಲು ಹಾಳಾಗುತ್ತದೆ ಎಂಬುದು ಅವರ ವಾದ. ನಮಗೂ ಅನುಕೂಲವೇ ಆಯಿತು. ದೇವರಲ್ಲ ಎಂದಮೇಲೆ ಸಲುಗೆ ಬೆಳೆಯಿತು. ಅವನ ಕತ್ತಿಯ ಹಿಡಿಗೆ ನನ್ನ ಕೈಚೀಲ, ಹೆಗಲ ಮೇಲೆ ಖಾಜಾ ಭಾಯಿಯ ಒದ್ದೆ ಟವೆಲು, ತಲೆಯ ಮೇಲೆ ಎಲ್ಲರ ಚಹಾದ ಲೋಟ. ಮುಖವಿಲ್ಲದವನ ಎದುರು ಯಾರಿಗೆ ಸಂಕೋಚ?

ಕಲ್ಲಿನ ವಿಷಯದಲ್ಲಿ ನನಗೆ ಮೊದಲಿಂದಲೂ ಭಯಭಕ್ತಿ ಕಡಿಮೆ. ನನ್ನ ತವರು ಗಬ್ಬೂರು. ಅಲ್ಲಿ ಯಾವ ಓಣಿಗೆ ಹೋದರೂ ಒಂದು ಹಳೆಯ ಗುಡಿ, ಒಂದು ಒಡೆದ ಕಂಬ. ಅಕ್ಷರ ಕೆತ್ತಿದ ಕಲ್ಲಿನ ಮೇಲೆ ಕೌದಿ ಒಣಹಾಕಿ, ಕಲ್ಲಿನಾನೆಯ ಬೆನ್ನ ಮೇಲೆ ಕೂತು ಹುಣಸೆಕಾಯಿ ತಿಂದು ಬೆಳೆದವಳು ನಾನು. ಆದರೆ ಅದೇ ಊರಲ್ಲಿ ನಾನು ಹೆದರುತ್ತಿದ್ದ ಒಂದು ಬೋಗುಣಿಯೂ ಇತ್ತು.

ಒಂದು ಬೇಸಿಗೆಯಲ್ಲಿ ನನಗೆ ಕಣ್ಣುಬೇನೆ ಬಂತು. ಬೆಳಿಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಅಜ್ಜಿ ಬಿಸಿನೀರಿನ ಬಟ್ಟೆಯಿಂದ ಒಂದೊಂದೇ ರೆಪ್ಪೆ ಬಿಡಿಸಿ, ಊರ ದೇವಿಗೆ ಕಣ್ಣು ಮಾಡಿಸುತ್ತೇನೆಂದು ಬೇಡಿಕೊಂಡಳು. ಬೇನೆ ವಾಸಿಯಾದ ಮೇಲೆ ನನ್ನನ್ನೂ ಗುಡಿಗೆ ಕರೆದೊಯ್ದಳು. ಪೂಜಾರಿ ಕೆಂಡದ ಮೇಲೆ ಅರಗು ಕಾಯಿಸಿ, ದೇವಿಯ ಹಳೆಯ ಕಣ್ಣು ಬಿಡಿಸಿ, ನಮ್ಮ ಹೊಸ ಕಣ್ಣು ಅಂಟಿಸಿದ. ಬಿಡಿಸಿದ್ದನ್ನು ಪಕ್ಕದ ಹಿತ್ತಾಳೆ ಬೋಗುಣಿಗೆ ಹಾಕಿದ. ನಾನು ಇಣುಕಿ ನೋಡಿದೆ. ಬೋಗುಣಿಯ ತುಂಬ ಕಣ್ಣುಗಳು. ಒಂದರ ಮೇಲೊಂದು ಬಿದ್ದು, ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ಕೆಲವು ನನ್ನನ್ನು.

ದಾರಿಯಲ್ಲಿ ಅಜ್ಜಿಯನ್ನು ಕೇಳಿದೆ, ಅವಕ್ಕೆ ಕಾಣುತ್ತದೆಯೇ ಎಂದು. ಅಜ್ಜಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಒಮ್ಮೆ ಕೊಟ್ಟ ಕಣ್ಣು ಕಿತ್ತಿಟ್ಟರೂ ನೋಡುವುದನ್ನು ಬಿಡುವುದಿಲ್ಲ, ಅದಕ್ಕೇ ಪೂಜಾರಿ ಬೋಗುಣಿಗೆ ಒದ್ದೆ ಬಟ್ಟೆ ಮುಚ್ಚಿಡುತ್ತಾನೆ, ತುಂಬಿದ ಮೇಲೆ ಗುಡಿಯ ಹಿಂದಿನ ಬಾವಿಗೆ ಬಿಡುತ್ತಾನೆ ಎಂದಳು. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವ ವಿಷಯ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ನಾನು ಆ ಬಾವಿಯೊಳಗೆ ಎಂದೂ ಬಗ್ಗಿ ನೋಡಲಿಲ್ಲ. ಚೆಂಡು ಬಿದ್ದರೆ ಬಿದ್ದಲ್ಲೇ ಬಿಟ್ಟು ಬರುತ್ತಿದ್ದೆ.

ಪಾರ್ಕಿಗೆ ಬರೋಣ. ಹೋದ ಚಳಿಗಾಲ ಕಳೆಯುವ ಹೊತ್ತಿಗೆ ಮಹಾಂತಪ್ಪನವರ ಎಡಗಣ್ಣು ಮಂಜಾಯಿತು. ಸಕ್ಕರೆ ಕಾಯಿಲೆ ಕಣ್ಣಿನ ಒಳಗೆ ಇಳಿದಿತ್ತು. ಬಲಗಣ್ಣು ಸದ್ಯಕ್ಕೆ ಸರಿಯಿದೆ, ಎಡಗಣ್ಣಿಗೆ ಆಪರೇಷನ್ ಆಗಬೇಕು, ಆದರೂ ಭರವಸೆ ಕೊಡಲಾಗದು ಎಂದರಂತೆ ಡಾಕ್ಟರು. ಅವರು ಅದನ್ನೂ ತಮಾಷೆ ಮಾಡಿದರು. ಎಡಗಡೆಯಿಂದ ಬರುವವರಿಗೆ ಇನ್ನು ಮೇಲೆ ನಮಸ್ಕಾರ ಸಿಗುವುದಿಲ್ಲ, ಬೇಕಾದವರು ಬಲಗಡೆಗೆ ಬನ್ನಿ ಎಂದರು. ಆದರೆ ಝಾರಿಯ ನೀರು ಗುಲಾಬಿಯ ಬುಡ ಬಿಟ್ಟು ಪಕ್ಕದ ದಾರಿಗೆ ಬೀಳತೊಡಗಿತು. ಖಾಜಾ ಭಾಯಿ ಏನೂ ಹೇಳದೆ ಅವರ ಎಡಕ್ಕೇ ನಡೆಯುವುದನ್ನು ರೂಢಿ ಮಾಡಿಕೊಂಡರು.

ಒಂದು ದಿನ ಮಹಾಂತಪ್ಪನವರ ಹೆಂಡತಿ ನೀಲಮ್ಮ ನನ್ನ ಬಳಿ ಬಂದು, ದೇವದುರ್ಗದ ಪತ್ತಾರರ ಅಂಗಡಿಗೆ ಜೊತೆಗೆ ಬರುತ್ತೀರಾ ಎಂದರು. ತವರಾದ ಮಲ್ಲಟದ ದೇವಿಗೆ ಬೆಳ್ಳಿಯ ಕಣ್ಣು ಬೇಕು, ಮನೆಯವರಿಗೆ ಗೊತ್ತಾದರೆ ನಗುತ್ತಾರೆ ಎಂದರು. ಬಸ್ಸಿನಲ್ಲಿ ಹೋದೆವು. ಗಬ್ಬೂರು ಬಂದಾಗ ನಾನು ಬೋಗುಣಿಯ ಕಥೆ ಹೇಳಿದೆ. ನೀಲಮ್ಮ ನಗಲಿಲ್ಲ. ಪತ್ತಾರರ ಅಂಗಡಿಯಲ್ಲಿ ತಟ್ಟೆ ತುಂಬ ಹರವಿದ ಕಣ್ಣುಗಳಲ್ಲಿ ಒಂದು ಜೋಡಿ ಆರಿಸಲು, ಮಗಳಿಗೆ ಗಂಡು ನೋಡುವಷ್ಟು ಹೊತ್ತು ತೆಗೆದುಕೊಂಡರು.

ಮುಂದಿನ ಭಾನುವಾರ ಪಾರ್ಕಿಗೆ ಹೋದರೆ ಆ ಜೋಡಿ ನಮ್ಮ ವೀರನ ಮುಖದ ಮೇಲಿತ್ತು.

ಮೂಗಿಲ್ಲ, ಹುಬ್ಬಿಲ್ಲ, ಬಾಯಿಲ್ಲ. ನುಣ್ಣನೆ ಕಲ್ಲಿನ ನಡುವೆ ಅಗಲವಾಗಿ ತೆರೆದ ಎರಡು ಬಿಳಿ ಕಣ್ಣು. ಖಾಜಾ ಭಾಯಿ ನನಗಿಂತ ಮುಂಚೆ ಬಂದು ದೂರದಲ್ಲೇ ನಿಂತಿದ್ದರು. ಹೆಗಲ ಮೇಲೆ ಟವೆಲು ಇರಲಿಲ್ಲ. ಆಗಲೇ ತೆಗೆದು ಮಡಿಚಿ ಕೈಯಲ್ಲಿ ಹಿಡಿದಿದ್ದರು. ಮಹಾಂತಪ್ಪನವರು ಬಂದರು, ನೋಡಿದರು. ಅವರದೇ ಕಾಯಿದೆ, ಅವರೇ ಕಿತ್ತುಹಾಕುತ್ತಾರೆ ಎಂದು ನಾವು ಕಾದೆವು. ಅವರು ಹತ್ತಿರ ಹೋಗಿ, ಒಳ್ಳೆಯ ಕಣ್ಣಿನಿಂದ ಕಲ್ಲಿನ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು. ಯಾರು ಮಾಡಿದ್ದೆಂದು ಅವರಿಗೆ ಗೊತ್ತಾಗಿರಬೇಕು.

‘ಇರ್ಲಿ ಬಿಡ್ರಿ’ ಎಂದರು. ಅಂದು ಗಿಳಿ ಹಾರಲಿಲ್ಲ.

ದೇವಿಗೆಂದು ತಂದದ್ದನ್ನು ಈ ಕಲ್ಲಿಗೇಕೆ ಹಚ್ಚಿದಿರಿ ಎಂದು ನಾನು ನೀಲಮ್ಮನನ್ನು ಕೇಳಿದೆ. ಅವರು ಇದನ್ನು ಆಗಲೇ ಯೋಚಿಸಿ ಮುಗಿಸಿದ್ದರು.

‘ನೀವ ಹೇಳಿದ್ರಲ್ಲ ಅಕ್ಕಾ, ದೇವಿ ಹತ್ರ ಬೋಗುಣಿ ತುಂಬ ಕಣ್ಣು ಅದಾವಂತ. ಅಷ್ಟ್ರಾಗ ನಮ್ಮದು ಯಾವುದಂತ ಆಕಿಗೆ ನೆನಪಿರ್ತದೇನು? ಇವಗ ಯಾರೂ ಕೊಟ್ಟಿಲ್ಲ. ಇಂವ ನೆನಪು ಇಟ್ಕೊಳ್ತಾನ.’

ನನ್ನ ಬಾಯಿಯ ಚಪಲಕ್ಕೆ ಇಷ್ಟು ದೂರದ ಪರಿಣಾಮ ಇರುತ್ತದೆಂದು ನಾನು ತಿಳಿದಿರಲಿಲ್ಲ.

ಅಂದಿನಿಂದ ಪಾರ್ಕಿನ ಚಹರೆಯೇ ಬದಲಾಯಿತು. ಚೀಲ, ಟವೆಲು, ಲೋಟ ಎಲ್ಲ ಬೇರೆ ಜಾಗ ಹುಡುಕಿಕೊಂಡವು. ಎದುರಿನ ಬೆಂಚಿನಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಎದೆಗೆ ಒತ್ತಿ ಹಿಡಿದು ಆಡಿ ನೋಡಿದರು, ಕೊನೆಗೆ ಗೇಟಿನ ಬಳಿಗೆ ಹೋದರು. ನಾನು ಕಸ ಗುಡಿಸುವಾಗ ಬೆನ್ನಿನ ಮೇಲೆ ಏನೋ ಇದೆ ಎನಿಸುತ್ತಿತ್ತು. ತಿರುಗಿದರೆ ಅವನು ನೇರವಾಗಿ ನೋಡುತ್ತಿರುತ್ತಿದ್ದ. ಜಾಗ ಬದಲಿಸಿ ತಿರುಗಿದರೂ ಹಾಗೆಯೇ. ನನ್ನ ಗುಡಿಸುವಿಕೆ ಮಾತ್ರ ಮೊದಲಿಗಿಂತ ಬಹಳ ಚೊಕ್ಕಟವಾಯಿತು.

ಆಮೇಲೆ ರಾಯಚೂರಿನ ಬೇಸಿಗೆ ಬಂತು. ಅದರ ಬಗ್ಗೆ ಹೊರಗಿನವರಿಗೆ ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತಾರೆ, ನಮ್ಮವರಿಗೆ ಹೇಳುವುದೇ ಬೇಡ. ನೀಲಮ್ಮ ಒಂದು ತಪ್ಪು ಮಾಡಿದ್ದರು. ಕಣ್ಣು ಅಂಟಿಸಲು ಅರಗು ಬಳಸಬೇಕು. ಅವರು ಕದ್ದುಮುಚ್ಚಿ ಮಾಡುವ ಆತುರದಲ್ಲಿ ಮನೆಯಲ್ಲಿದ್ದ ಮೇಣದಬತ್ತಿಯನ್ನೇ ಕರಗಿಸಿ ಹಚ್ಚಿದ್ದರು. ಬಲಗಣ್ಣು ಮರದ ನೆರಳಿಗಿತ್ತು, ಎಡಗಣ್ಣು ಬಿಸಿಲಿಗೆ.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಕಲ್ಲಿನ ಎಡಗಣ್ಣು ಕೆಳಗಿಳಿದಿದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಿಸಿಲು ಬಿಳಿಚಿ ಕೋಟೆಯ ಗೋಡೆ ಅಲುಗುವಂತೆ ಕಾಣುತ್ತಿತ್ತು. ಕಣ್ಣು ಕೆನ್ನೆಯಿರಬೇಕಾದ ಜಾಗದಲ್ಲಿ ನಿಂತು ನೆಲವನ್ನು ನೋಡುತ್ತಿತ್ತು. ಅನ್ನದ ಕುಕ್ಕರು ಇಳಿಸಿ ಬಂದು ನೋಡಿದರೆ ಇನ್ನೂ ಸ್ವಲ್ಪ ಕೆಳಗೆ ಬಂದಿತ್ತು. ಆದರೆ ಮರುದಿನ ಬೆಳಿಗ್ಗೆ ಅದು ಸ್ವಸ್ಥಾನದಲ್ಲಿತ್ತು. ಮಧ್ಯಾಹ್ನ ಮತ್ತೆ ಇಳಿಯಿತು, ಬೆಳಗಾದರೆ ಮತ್ತೆ ಮೇಲಿತ್ತು. ದಿನಾ ಹೀಗೆಯೇ ನಡೆಯಿತು.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ತಲೆಗೆ ಒದ್ದೆ ಟವೆಲು ಹಾಕಿಕೊಂಡು ಹೋದೆ. ಅಲ್ಲಿ ಖಾಜಾ ಭಾಯಿ ಇದ್ದರು. ಹೆಬ್ಬೆರಳಿನಿಂದ ಕಣ್ಣನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು.

‘ಬಿಸಿಲಿಗೆ ಇಳದಿತ್ತಕ್ಕಾ’ ಎಂದರು. ‘ಅಣ್ಣಾವ್ರ ಎಡಗಣ್ಣಲ್ಲಾ, ನೋಡಾಕ ಆಗವಲ್ದು.’

ನಮ್ಮ ಧರ್ಮದಲ್ಲಿ ಇದೆಲ್ಲ ಇಲ್ಲ ಎಂದೂ ಸೇರಿಸಿದರು. ನಮ್ಮ ಗುಂಪಿನ ಕಾಯಿದೆಯಲ್ಲೂ ಇಲ್ಲ ಎಂದೆ ನಾನು. ಅಂದಿನಿಂದ ಒಂದು ದಿನ ಅವರು, ಒಂದು ದಿನ ನಾನು. ನಾನು ಮೊದಲ ಸಲ ಮುಟ್ಟಿದಾಗ ಮೇಣ ಮೆತ್ತಗಾಗಿತ್ತು, ಬೆಳ್ಳಿ ಜ್ವರ ಬಂದವರ ಹಣೆಯಷ್ಟು ಬಿಸಿಯಿತ್ತು. ಕಣ್ಣು ನನ್ನ ಬೆರಳಿನ ಕೆಳಗೆ ಸ್ವಲ್ಪ ಹೊರಳಿತು. ಮನೆಗೆ ಬಂದು ಕೈಯನ್ನು ಸೋಪು ಹಚ್ಚಿ ತೊಳೆದೆ.

ಆದರೆ ನಮ್ಮಿಬ್ಬರಿಗೂ ಹೋಗಲಾಗದ ದಿನದ ಮರುದಿನವೂ ಬೆಳಿಗ್ಗೆ ಅದು ಮೇಲಿರುತ್ತಿತ್ತು. ಇದು ಯಾರ ಕೆಲಸವೆಂದು ಒಂದು ಸಂಜೆ ಗೊತ್ತಾಯಿತು. ಕಿಟಕಿಯಲ್ಲಿ ನಿಂತಿದ್ದೆ. ಮಹಾಂತಪ್ಪನವರು ಒಬ್ಬರೇ ಕಲ್ಲಿನ ಮುಂದೆ ನಿಂತಿದ್ದರು. ಬಲ ಅಂಗೈಯಿಂದ ತಮ್ಮ ಒಳ್ಳೆಯ ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳುಗಳಿಂದ ಕಲ್ಲಿನ ಮುಖವನ್ನು ಸವರುತ್ತ ಜಾರಿದ ಕಣ್ಣನ್ನು ಹುಡುಕುತ್ತಿದ್ದರು. ಸಿಕ್ಕಮೇಲೆ ಮೇಲಕ್ಕೆ ತಳ್ಳಿ, ಒತ್ತಿ ಹಿಡಿದು ನಿಂತರು. ಎಷ್ಟು ಹೊತ್ತು ನಿಂತರೆಂದರೆ, ಯಾವುದು ಕಲ್ಲು, ಯಾರು ಮನುಷ್ಯ ಎಂದು ನನಗೇ ಗಲಿಬಿಲಿಯಾಯಿತು. ನನಗೆ ಅಳು ಬಂತು, ಹೆದರಿಕೆಯೂ ಆಯಿತು. ಎರಡೂ ಕೂಡಿ ಬಂದಾಗ ಏನು ಮಾಡಬೇಕೋ ತಿಳಿಯದೆ ಕಿಟಕಿ ಮುಚ್ಚಿದೆ.

ಆಪರೇಷನ್ನಿಗೆಂದು ಗಂಡ ಹೆಂಡತಿ ಹೈದರಾಬಾದಿಗೆ ಹೋದರು. ಅವರು ಊರಲ್ಲಿಲ್ಲದಾಗಲೇ ಒಂದು ಬೆಳಿಗ್ಗೆ ಕಣ್ಣು ಬಿದ್ದಿತ್ತು. ಉದುರಿದ ಬೇವಿನೆಲೆಗಳ ನಡುವೆ ಅಂಗಾತ ಬಿದ್ದು ಮರದ ತುದಿಯನ್ನು ನೋಡುತ್ತಿತ್ತು. ಖಾಜಾ ಭಾಯಿ ಅದನ್ನು ಎತ್ತಿ ನನ್ನ ಕೈಗಿಟ್ಟು, ತಮ್ಮ ಮನೆಯಲ್ಲಿ ಮೊಮ್ಮಕ್ಕಳ ಕೈಗೆ ಸಿಕ್ಕೀತು, ನೀವೇ ಇಟ್ಟುಕೊಳ್ಳಿ ಎಂದರು. ಹರಕೆ ನೀಲಮ್ಮನದು, ಅವರೇ ಬಂದು ಅಂಟಿಸಬೇಕು ಎಂದು ಇಬ್ಬರೂ ಮಾತಾಡಿಕೊಂಡೆವು. ಮನೆಗೆ ತಂದು ಗುಂಡಿ ಡಬ್ಬಿಯೊಳಗೆ ಹಾಕಿದೆ. ಎಲ್ಲಿಟ್ಟೆನೆಂದು ಖಾಜಾ ಭಾಯಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಹಾಂತಪ್ಪನವರ ಎಡಗಣ್ಣು ಉಳಿಯಲಿಲ್ಲ. ವಾಪಸು ಬಂದ ಮೇಲೆ ನೀಲಮ್ಮನಿಗೆ ಬಿದ್ದ ಕಣ್ಣಿನ ಸುದ್ದಿ ಹೇಳಿ, ಯಾವಾಗ ಅಂಟಿಸುತ್ತೀರಿ ಎಂದೆ. ಅವರ ಮುಖ ಬಿಗಿದುಕೊಂಡಿತು. ಅವನು ನೆನಪು ಇಟ್ಟುಕೊಳ್ಳಲಿಲ್ಲ, ಇನ್ನು ಯಾಕೆ ಎಂದರು. ಬಲಗಣ್ಣು ಮಾತ್ರ ಕಲ್ಲಿನ ಮೇಲೆ ಉಳಿಯಿತು. ಅದನ್ನು ಕೀಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಳೆ ಬಂದು ನೆಲ ತಂಪಾದ ಮೇಲೆ ಮಹಾಂತಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಪಾರ್ಕಿಗೆ ಬಂದರು. ಅದೇ ಬೆಂಚಿನಲ್ಲಿ ಕೂತೆವು. ಚಹಾ ಕುಡಿಯುತ್ತ ಅವರು ಒಂದು ವಿಚಿತ್ರ ಹೇಳುತ್ತೇನೆ ಎಂದರು. ಎಡಗಣ್ಣಿಗೆ ಲೋಕ ಕಾಣುವುದಿಲ್ಲ, ಆದರೆ ಪೂರ್ತಿ ಕತ್ತಲೆಯೂ ಇಲ್ಲ, ಬೇರೆ ಏನೋ ಕಾಣುತ್ತದೆ ಎಂದರು. ಡಾಕ್ಟರಿಗೂ ಹೇಳಿದ್ದರಂತೆ. ಕಣ್ಣು ಹೋದವರಿಗೆ ಮಿದುಳು ತಾನೇ ಚಿತ್ರ ಬಿಡಿಸಿ ತೋರಿಸುವುದುಂಟು, ಹೆದರುವಂಥದ್ದೇನಿಲ್ಲ ಎಂದಿದ್ದರಂತೆ. ಏನು ಕಾಣುತ್ತದೆ ಎಂದು ಖಾಜಾ ಭಾಯಿ ಕೇಳಿದರು.

‘ಸಣ್ಣ ಜಾಗ. ನಾಕೂ ಕಡೆ ತಗಡು ಇದ್ದಂಗ ಅದ. ದುಂಡಗ ದುಂಡಗ ಏನೇನೋ ಬಿದ್ದಾವ, ಬಿಳೇವು, ಕರೇವು. ಒಂದು ಹಸರಂದು ಅದ, ಅರ್ಧ ಒಡದದ್ದು. ಕೆಂಪು ದಾರ ಅದ.’ ಅವರು ಚಹಾ ಗುಟುಕರಿಸಿದರು. ‘ಒಮ್ಮೊಮ್ಮೆ ಮ್ಯಾಲ ತೆಗದು ಬೆಳಕು ಬೀಳ್ತದ. ದೊಡ್ಡದೊಂದು ಮಾರಿ ಬಗ್ಗಿ ನೋಡ್ತದ, ಹಲ್ಲಾಗ ದಾರ ಕಚ್ಕೊಂಡಿರ್ತದ. ಗುರ್ತಿನ ಮಾರಿನ. ಆದ್ರ ಬಾಳ ಹತ್ರ ಬರ್ತದ್ನೋಡ್ರಿ, ಯಾರಂತ ಗುರ್ತು ಹಿಡಿಯಾಕ ಆಗವಲ್ದು.’

ನನ್ನ ಕೈಯ ಚಹಾ ಸೀರೆಯ ಮೇಲೆ ಚೆಲ್ಲಿತು. ಸುಟ್ಟದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತೆ. ಮಹಾಂತಪ್ಪನವರು ಗೇಲಿ ಮಾಡುತ್ತಿರಬಹುದೇ ಎಂದು ಯೋಚಿಸಿದೆ. ಗೇಲಿಯಲ್ಲಿ ಅವರು ಎತ್ತಿದ ಕೈ. ಗುಂಡಿ ಡಬ್ಬಿಯಿಲ್ಲದ ಮನೆ ಯಾವುದಿದೆ, ದಾರ ಕಚ್ಚದ ಹೆಂಗಸು ಯಾರಿದ್ದಾಳೆ? ನನ್ನ ಡಬ್ಬಿಯಲ್ಲಿ ಹಸಿರು ಗುಂಡಿ ಇಲ್ಲವೇ ಇಲ್ಲ ಎಂಬ ಧೈರ್ಯವೂ ಇತ್ತು. ಮುಚ್ಚಳ ತೆಗೆದೆ. ಕಣ್ಣು ದಾರದ ಉಂಡೆಗೆ ಒರಗಿ ಕೂತಿತ್ತು. ಅದು ನೋಡುತ್ತಿದ್ದ ಕಡೆ ಗುಂಡಿಗಳನ್ನು ಬೆರಳಿನಿಂದ ಸರಿಸಿದೆ. ತಳದಲ್ಲಿ, ಒಡೆದು ಅರ್ಧವಾದ ಒಂದು ಹಸಿರು ಗುಂಡಿ. ಗಬ್ಬೂರಿನಲ್ಲಿ ಅಜ್ಜಿ ಹೊಲಿದುಕೊಟ್ಟ ಲಂಗದ ಪೋಲಕದ್ದು. ಅದು ನನ್ನ ಬಳಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಇಂಥದಕ್ಕೆ ನಮ್ಮ ಬಳಿ ಒಂದು ಹೆಸರಿತ್ತು, ಕ್ರಾಸ್ ಕನೆಕ್ಷನ್. ಮಾನ್ವಿಯಲ್ಲಿದ್ದಾಗ ಒಬ್ಬ ಹತ್ತಿ ವ್ಯಾಪಾರಿ ಕವಿತಾಳಕ್ಕೆ ಮಾತಾಡಬೇಕೆಂದು ಕೂತರೆ ಯಾವುದೋ ಮನೆಯಲ್ಲಿ ತಾಯಿಯೊಬ್ಬಳು ಮಗುವನ್ನು ಮಲಗಿಸುವುದು ಕೇಳಿಸುತ್ತಿತ್ತು. ಎಲ್ಲೋ ಎರಡು ತಂತಿ ಒಂದಕ್ಕೊಂದು ತಾಗಿರುತ್ತವೆ, ಅಷ್ಟೆ. ಆಗ ಲೈನ್‌ಮನ್ನನಿಗೆ ಹೇಳಿ ಬಿಡಿಸುತ್ತಿದ್ದೆವು. ಇದನ್ನು ಯಾರಿಗೆ ಹೇಳುವುದು? ಕಣ್ಣನ್ನು ಬಾವಿಗೆ ಬಿಡೋಣವೆಂದರೆ ಆ ಮನುಷ್ಯ ಬದುಕಿರುವವರೆಗೆ ಕೆಸರು ನೀರು ನೋಡಬೇಕಾಗುತ್ತದೆ. ಡಬ್ಬಿಯಲ್ಲೇ ಇಟ್ಟರೆ ಕೊನೆಯವರೆಗೂ ನನ್ನ ಗುಂಡಿ, ಇಲ್ಲವೇ ನನ್ನ ಮುಖ. ಯಾವುದು ಹೆಚ್ಚಿನ ಶಿಕ್ಷೆಯೆಂದು ನಿರ್ಧರಿಸಲಾಗಲಿಲ್ಲ. ಅಂದು ಮುಚ್ಚಳ ತೆಗೆದು ಡಬ್ಬಿಯನ್ನು ಕಿಟಕಿಯ ಬಳಿ ಇಟ್ಟೆ. ಮಳೆಯಾದರೂ ನೋಡಲಿ ಎಂದು.

ಮರುದಿನ ನೀಲಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಹಸಿರು ಗುಂಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನ್ನನ್ನು ನಂಬಿದರೋ ಇಲ್ಲವೋ ಹೇಳಲಾರೆ. ಹಿಂದಿನ ದಿನ ಮಧ್ಯಾಹ್ನ ಮಹಾಂತಪ್ಪನವರು, ಮಳೆ ಬರಾಕತ್ತದ, ಬಟ್ಟಿ ತೆಗಿ ಎಂದರಂತೆ. ಆಗ ಅವರು ಕನ್ನಡಕ ತೆಗೆದಿಟ್ಟು, ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದ್ದರಂತೆ. ಇಷ್ಟು ಹೇಳಿ ನೀಲಮ್ಮ ಎದ್ದು ಮಾನ್ವಿಯ ತಮ್ಮನಿಗೆ ಫೋನು ಮಾಡಿ, ಅಲ್ಲಿನ ಪತ್ತಾರರಿಂದ ಒಳ್ಳೆಯ ಅರಗು ಕಳಿಸಲು ಹೇಳಿದರು.

ಭಾನುವಾರ ಬೆಳಿಗ್ಗೆ ಬಿಸಿಲು ಎಳೆಯದಿತ್ತು. ಖಾಜಾ ಭಾಯಿ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತಂದರು. ಮಹಾಂತಪ್ಪನವರು ಬೆಂಚಿನಲ್ಲಿ ಕೋಲಿನ ಮೇಲೆ ಗದ್ದವಿಟ್ಟು ಕೂತಿದ್ದರು. ಏನು ನಡೆಯುತ್ತಿದೆ ಎಂದು ಕೇಳಲೂ ಇಲ್ಲ, ಕಾಯಿದೆಯ ಮಾತು ಎತ್ತಲೂ ಇಲ್ಲ. ನೀಲಮ್ಮ ಅರಗು ಕಾಯಿಸಿ, ನನ್ನ ಡಬ್ಬಿಯಿಂದ ಕಣ್ಣು ತೆಗೆದುಕೊಂಡು, ಕಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಅರಗು ಆರಿ ಗಟ್ಟಿಯಾದ ಮೇಲೆ ಕೈ ತೆಗೆದರು. ಬಲಗಣ್ಣಿಗೂ ಮೇಣ ತೆಗೆದು ಅರಗು ಹಾಕಿದರು. ಆಮೇಲೆ ಬಂದು ಬೆಂಚಿನ ಹಿಂದೆ, ಗಂಡನ ಬೆನ್ನಿಗೆ ನಿಂತರು.

ಬೇವಿನೆಲೆ ಬೀಳುವುದು ಕೇಳುತ್ತಿತ್ತು. ಮಹಾಂತಪ್ಪನವರು ಕನ್ನಡಕ ತೆಗೆದು ಜೇಬಿಗೆ ಹಾಕಿ, ಬಲ ಅಂಗೈಯಿಂದ ಒಳ್ಳೆಯ ಕಣ್ಣು ಮುಚ್ಚಿಕೊಂಡರು.

‘ಒಬ್ಬ ಮುದುಕ ಕುಂತಾನ’ ಎಂದರು. ‘ಕೈಲೆ ಅರ್ಧ ಮಾರಿ ಮುಚ್ಕೊಂಡಾನ.’

ತಮ್ಮ ಎಡಗೈಯನ್ನು ಎತ್ತಿ ಇಳಿಸಿ ನೋಡಿದರು.

‘ಇಷ್ಟು ಸೊರಗೀನೇನು ನಾ?’

ಖಾಜಾ ಭಾಯಿ ತಮ್ಮ ದೇವರ ಹೆಸರನ್ನು ಮೆಲ್ಲಗೆ ಹೇಳಿಕೊಂಡರು. ನಾನು ತಿರುಗಿ ನೀಲಮ್ಮನನ್ನು ನೋಡಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಅಳುತ್ತಿದ್ದರು. ಮಹಾಂತಪ್ಪನವರು ಹಿಂದೆ ತಿರುಗಲಿಲ್ಲ. ಮುಖ ಕಲ್ಲಿನ ಕಡೆಗೇ ಇತ್ತು, ಕೈ ಕಣ್ಣಿನ ಮೇಲೇ ಇತ್ತು.

‘ಅಳಬ್ಯಾಡ ನೀಲಾ’ ಎಂದರು. ‘ಕಾಣಾಕತ್ತದ.’

ಇಷ್ಟು ವರ್ಷ ಒಟ್ಟಿಗೆ ಬಾಳಿದವರಿಗೆ ಬೆನ್ನ ಹಿಂದಿನ ಅಳು ಗೊತ್ತಾಗದೇ ಇರುತ್ತದೆಯೇ ಎಂದು ನಾನು ಆಗಾಗ ನನಗೆ ಹೇಳಿಕೊಳ್ಳುತ್ತೇನೆ. ಮಳೆ ಬರುವುದನ್ನು ವಾಸನೆಯಿಂದಲೂ ಹೇಳಬಹುದು. ಹಸಿರು ಗುಂಡಿಗೆ ಮಾತ್ರ ಇನ್ನೂ ಒಂದು ಕಾರಣ ಹುಡುಕಬೇಕಾಗಿದೆ. ಈಗ ಪಾರ್ಕಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಖಾಜಾ ಭಾಯಿ ಗಡ್ಡ ಬಾಚಿಕೊಂಡೇ ಗೇಟು ದಾಟುತ್ತಾರೆ. ಕಲ್ಲಿಗೆ ಎಣ್ಣೆ ಕುಂಕುಮ ಈಗಲೂ ಇಲ್ಲ, ಕಾಯಿದೆ ಕಾಯಿದೆಯೇ.

ಕಳೆದ ಭಾನುವಾರ ಮಹಾಂತಪ್ಪನವರಿಗೆ ಜ್ವರ, ಮನೆಯಲ್ಲೇ ಮಲಗಿದ್ದರು. ಖಾಜಾ ಭಾಯಿಗೆ ಮಾರ್ಕೆಟ್ಟಿನಲ್ಲಿ ಲಾರಿ ಬಂದಿತ್ತು. ನಾನೊಬ್ಬಳೇ ಗುಡಿಸುತ್ತಿದ್ದೆ. ಕೋಟೆಯ ಗೋಡೆಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಸೊಂಟ ನೆಟ್ಟಗೆ ಮಾಡಲು ಕಲ್ಲಿನ ಎದುರು ನಿಂತವಳಿಗೆ ಆಕಳಿಕೆ ಬಂತು. ಯಾರಿದ್ದಾರೆ ನೋಡಲು ಎಂದು ಬಾಯಿ ಪೂರ್ತಿ ತೆರೆದು ಆಕಳಿಸಿದೆ. ಬಾಯಿ ಮುಚ್ಚುವಷ್ಟರಲ್ಲಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ರಿಂಗಾಯಿತು. ಮಹಾಂತಪ್ಪನವರು. ಜ್ವರದಲ್ಲಿ ದನಿ ಬತ್ತಿ ಬಹಳ ದೂರದಿಂದ ಬರುವಂತಿತ್ತು.

‘ಗಿರಿಜಕ್ಕಾ, ರಾತ್ರಿ ನಿದ್ದಿ ಆಗಿಲ್ಲೇನ್ರಿ?’

ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಸೆರಗು ಸರಿಮಾಡಿಕೊಂಡೆ. ಆಮೇಲೆ ಕಲ್ಲಿನ ಎಡಗಣ್ಣನ್ನೇ ನೋಡುತ್ತ, ‘ಇಲ್ಲರೀ’ ಎಂದೆ.